ಚಳಿಗೆ ಊರು ಬಿಡುವ ಅಜ್ಜ-ಅಜ್ಜಿಯರು



ನಮ್ಮಲ್ಲಿ ಧನುರ್ಮಾಸ ಬಂತೆಂದರೆ ಬೆಳಗಿನ ಜಾವ ತಣ್ಣೀರು ಮುಟ್ಟಲು ಕೈ ಹಿಂಜರಿಯುತ್ತದೆ. ಒಲೆ ಮುಂದೆ ಒಂದು ಗಳಿಗೆ ಕೂತು, ಬಿಸಿಬಿಸಿ ಕಾಫಿ ಕುಡಿದರೆ ಆ ಚಳಿ ಹಾರಿಹೋಯಿತು. ಕೆನಡಾ ದೇಶದ ಚಳಿ ಹಾಗಲ್ಲ. ವಿನಿಪೆಗ್‌ನಂಥ ಊರಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೆ ಇಳಿಯುವುದೂ ಉಂಟು. ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ ದಾರಿ ಮಾಡಿಕೊಳ್ಳಬೇಕು. ವಯಸ್ಸಾದವರು ಕಾಲು ಜಾರಿದರೆ ಸೊಂಟದ ಮೂಳೆಗೇ ಸಂಚಕಾರ.

ಅದಕ್ಕೇ ಅಲ್ಲಿ ಕೆಲಸದಿಂದ ನಿವೃತ್ತರಾದ ಎಷ್ಟೋ ದಂಪತಿಗಳು ನವೆಂಬರ್ ಹೊತ್ತಿಗೆ ಮನೆಗೆ ಬೀಗ ಹಾಕಿ ಅಮೆರಿಕದ ಫ್ಲಾರಿಡಾಕ್ಕೋ ಅರಿಜೋನಾಕ್ಕೋ, ಇಲ್ಲವೇ ಮೆಕ್ಸಿಕೊ ದೇಶಕ್ಕೋ ಹೊರಡುತ್ತಾರೆ. ಮತ್ತೆ ಬರುವುದು ಏಪ್ರಿಲ್‌ಗೆ. ಇಂಥವರಿಗೆ ಅಲ್ಲಿ ‘ಸ್ನೋಬರ್ಡ್’, ಅಂದರೆ ಹಿಮದ ಹಕ್ಕಿ ಅಂತಲೇ ಹೆಸರು. “ಪುಣ್ಯವಂತರಪ್ಪ, ಅವರಿಗೇನು ಚಿಂತೆ!” ಅನ್ನಿಸುತ್ತದೆ, ಅಲ್ಲವೇ? ಆ ಮನೆಯಾಕೆಯ ತಲೆಯೊಳಗೆ ಏನೇನು ಓಡುತ್ತಿರುತ್ತದೆ, ಸ್ವಲ್ಪ ನೋಡೋಣ.

ಮೊದಲನೆಯದು ಬಿಟ್ಟುಹೋದ ಮನೆಯ ಚಿಂತೆ. ಕೊಳಾಯಿಯೊಳಗೆ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕೊಳಾಯಿ ಒಡೆಯುತ್ತದೆ. ಮಂಜು ಕರಗಿದ ಮೇಲೆ ಮನೆ ತುಂಬ ನೀರು. ಆದ್ದರಿಂದ ಹೊರಡುವ ಮುಂಚೆ ನೀರಿನ ಮುಖ್ಯ ಕವಾಟ ಮುಚ್ಚಿ, ಕೊಳಾಯಿಗಳನ್ನು ಬಸಿದು, ಮನೆ ಬೆಚ್ಚಗಿಡುವ ಯಂತ್ರವನ್ನು ಪೂರ್ತಿ ಆರಿಸದೆ ಸಣ್ಣಗೆ ಓಡಲು ಬಿಡುತ್ತಾರೆ. ಖಾಲಿ ಮನೆಯನ್ನು ಯಾರಾದರೂ ಆಗಾಗ ಬಂದು ನೋಡಬೇಕೆಂದು ವಿಮೆಯವರು ಷರತ್ತು ಹಾಕುವುದುಂಟು. ನಂಬಿಕೆಯ ನೆರೆಯವರ ಕೈಗೆ ಬೀಗದ ಕೈ ಕೊಡದೆ ವಿಧಿಯಿಲ್ಲ.

ಎರಡನೆಯದು ದಿನದ ಲೆಕ್ಕ. ನಾವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಹಾಗೆ ಅವರು ಊರು ಬಿಟ್ಟ ದಿನಗಳನ್ನು ಬರೆದಿಡಬೇಕು. ಆಂಟೇರಿಯೊ ಪ್ರಾಂತ್ಯದವರು ಸಾಮಾನ್ಯವಾಗಿ 12 ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಪ್ರಾಂತ್ಯದ ಹೊರಗಿದ್ದರೆ ಸರ್ಕಾರಿ ಆರೋಗ್ಯ ವಿಮೆಗೆ ಕುತ್ತು. ಕಡಿಮೆ ವರಮಾನದ ವೃದ್ಧರಿಗೆ ಪಿಂಚಣಿಯ ಜೊತೆ ಸಿಗುವ ಪೂರಕ ಹಣವೂ ದೇಶ ಬಿಟ್ಟು 6 ತಿಂಗಳು ಮೀರಿದರೆ ನಿಲ್ಲುತ್ತದೆ.

ಅಮೆರಿಕದ ತೆರಿಗೆಯವರದು ಇನ್ನೊಂದು ಲೆಕ್ಕ. ಈ ವರ್ಷ ಅಲ್ಲಿದ್ದ ದಿನಗಳು ಪೂರ್ತಿ, ಹೋದ ವರ್ಷದ್ದು ಮೂರರಲ್ಲಿ ಒಂದು ಪಾಲು, ಅದರ ಹಿಂದಿನ ವರ್ಷದ್ದು ಆರರಲ್ಲಿ ಒಂದು ಪಾಲು. ಕೂಡಿದರೆ 183 ಆಯಿತೋ, ತೆರಿಗೆಯ ಮಟ್ಟಿಗೆ ನೀವು ಅಲ್ಲಿಯವರೇ! ಪ್ರತಿವರ್ಷ 120 ದಿನ ಇದ್ದವರಿಗೆ 120, 40, 20 ಸೇರಿ 180. ಬಚಾವು. ವರ್ಷಕ್ಕೆ 130 ದಿನ ಇದ್ದರೆ ಮೀರಿತು. ಹಾಗೆ ಮೀರಿದವರು, ಆ ವರ್ಷ ಅಲ್ಲಿದ್ದದ್ದು 183 ದಿನಕ್ಕಿಂತ ಕಡಿಮೆಯಾಗಿದ್ದರೆ, “ನಮ್ಮ ಮನೆ-ಮಠ, ನಂಟು ಎಲ್ಲ ಕೆನಡಾದಲ್ಲೇ” ಎಂದು 8840 ಸಂಖ್ಯೆಯ ಫಾರಂ ತುಂಬಿ ಕಳಿಸಬೇಕು.

ಮೂರನೆಯದೇ ನಿಜವಾದ ಭಯ. ಪರಊರಲ್ಲಿ ಯಜಮಾನರಿಗೆ ಎದೆನೋವು ಬಂದರೆ? ಹೊರದೇಶದ ಆಸ್ಪತ್ರೆಯಲ್ಲಿ ಮಲಗಿದವರಿಗೆ ಆಂಟೇರಿಯೊ ಸರ್ಕಾರ ಕೊಡುವುದು ದಿನಕ್ಕೆ ಹೆಚ್ಚೆಂದರೆ 400 ಡಾಲರು. ಅಮೆರಿಕದ ಆಸ್ಪತ್ರೆಯ ಬಿಲ್ಲು ದಿನಕ್ಕೆ ಸಾವಿರಾರು ಡಾಲರು. ಅದಕ್ಕಾಗಿ ಪ್ರವಾಸದ ವಿಮೆ ಬೇರೆ ಕೊಳ್ಳುತ್ತಾರೆ. ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಹಳೆಯ ಕಾಯಿಲೆ ಹೊರಡುವ ಮುಂಚಿನ ಇಂತಿಷ್ಟು ದಿನ, ಕೆಲವು ವಿಮೆಗಳಲ್ಲಿ 90, ಕೆಲವದರಲ್ಲಿ 180, ಏರುಪೇರಿಲ್ಲದೆ ಇದ್ದಿರಬೇಕು. ಅಕ್ಟೋಬರಿನಲ್ಲಿ ಡಾಕ್ಟರು ರಕ್ತದೊತ್ತಡದ ಮಾತ್ರೆ ಬದಲಿಸಿದರೆ, ಅಷ್ಟೇಕೆ, ಪ್ರಮಾಣ ಕಡಿಮೆ ಮಾಡಿದರೂ, ಅದನ್ನು ಏರುಪೇರೆಂದೇ ಎಣಿಸಿ ಹಣ ನಿರಾಕರಿಸಬಹುದು. “ಗುಣ ಆಗ್ತಿದೆಯಲ್ಲ, ಹೇಳೋದೇನು” ಅಂತ ಸುಮ್ಮನಿದ್ದವರಿಗೆ ಉಳಿತಾಯವೆಲ್ಲ ಕರಗುವ ಅಪಾಯ. ಔಷಧಿ ಬದಲಾದ ದಿನವೇ ವಿಮೆಯವರಿಗೆ ತಿಳಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದೇ ಜಾಣತನ.

ಈಚೆಗೆ ಇನ್ನೂ ತೊಡಕಾಗಿದೆ. 2025ರ ಏಪ್ರಿಲ್ 11ರಿಂದ, 30 ದಿನ ಅಥವಾ ಹೆಚ್ಚು ಕಾಲ ಉಳಿಯುವ ಕೆನಡಾದವರು ಅಮೆರಿಕದಲ್ಲಿ ಹೆಸರು ನೋಂದಾಯಿಸಬೇಕೆಂಬ ನಿಯಮ ಜಾರಿಯಾಯಿತು. ಅದೇ ವರ್ಷ ಎರಡು ದೇಶಗಳ ನಡುವೆ ಸುಂಕದ ಜಗಳವೆದ್ದು, ಆ ಕಡೆ ಹೋಗುವವರ ಸಂಖ್ಯೆಯೇ ಇಳಿಯಿತು.

ಇವೆಲ್ಲಕ್ಕಿಂತ ಕಷ್ಟದ ಪ್ರಶ್ನೆ, ಹೋಗುವುದನ್ನು ಯಾವಾಗ ನಿಲ್ಲಿಸಬೇಕು ಎಂಬುದು. ವಯಸ್ಸಿನೊಡನೆ ವಿಮೆಯ ಕಂತು ಏರುತ್ತದೆ, ಸಾವಿರಾರು ಮೈಲಿ ಕಾರು ನಡೆಸುವ ಕಣ್ಣು ಮಂದವಾಗುತ್ತದೆ. ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ? ಕಾಗದ-ಪತ್ರ, ಬ್ಯಾಂಕು, ವಿಮೆ ಎಲ್ಲ ಗಂಡನೇ ನೋಡಿಕೊಳ್ಳುತ್ತಿದ್ದ ಮನೆಯಾಕೆ ಪರದೇಶದಲ್ಲಿ, ದುಃಖದ ನಡುವೆ ಯಾರನ್ನು ಕೇಳಬೇಕು?

ನಮ್ಮವರೂ ಎಷ್ಟೋ ಮಂದಿ ಕೆನಡಾದಲ್ಲಿ ನೆಲೆಸಿ, ನಿವೃತ್ತರಾಗಿದ್ದಾರೆ. ನಿಮ್ಮ ಅಕ್ಕ-ಭಾವ ಚಳಿಗಾಲಕ್ಕೆಂದು ಅಲ್ಲಿಂದ ಮೈಸೂರಿಗೋ ಧಾರವಾಡಕ್ಕೋ ಬರುವವರಾದರೆ, ಪ್ರಾಂತ್ಯದ ದಿನದ ಲೆಕ್ಕ, ವಿಮೆಯ ಷರತ್ತು ಅವರಿಗೂ ತಪ್ಪಿದ್ದಲ್ಲ. ಹೋಳಿಗೆ ಬಡಿಸುವಾಗ ಒಂದು ಮಾತು ಕೇಳಿ: “ಅಕ್ಕಾ, ವಿಮೆ ಕಾಗದ ಎಲ್ಲಿಟ್ಟಿದ್ದೀ? ಭಾವನ ಮಾತ್ರೆ ಈಚೆಗೆ ಏನಾದರೂ ಬದಲಾಯಿತೇ?”

ಊರು ಬಿಡದ ನಮಗೂ ಇದರಲ್ಲಿ ಪಾಠವಿದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮನೆಯವರು ನುಂಗುವ ಮಾತ್ರೆಗಳ ಹೆಸರು, ಪ್ರಮಾಣ, ಡಾಕ್ಟರ ಫೋನು, ವಿಮೆಯ ಸಂಖ್ಯೆ, ಬ್ಯಾಂಕಿನ ವಿವರ, ಬೀಗದ ಕೈ ಯಾರ ಹತ್ತಿರವಿದೆ ಎಂಬುದು, ಎಲ್ಲ ನಿಮ್ಮ ಕೈಬರಹದಲ್ಲೇ ಇರಲಿ. “ಅದೆಲ್ಲ ನಿನಗ್ಯಾಕೆ?” ಅಂತ ಮನೆಯವರು ನಕ್ಕರೆ ನಗಲಿ. ಈ ಭಾನುವಾರ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟ ಬರೆದುಬಿಡಿ.