ಯುದ್ಧದ ಬಿಲ್ಲು ಯಾರ ಮನೆಗೆ?

ಅಮೆರಿಕಾದ ಯುದ್ಧಗಳ ಬಗ್ಗೆ ನಮ್ಮಲ್ಲಿ ಮಾತು ಶುರುವಾದರೆ ಸಾಮಾನ್ಯವಾಗಿ ಎರಡೇ ವಾದ. ಒಂದು, "ಎಲ್ಲಾ ಎಣ್ಣೆಗೋಸ್ಕರ ಸ್ವಾಮೀ". ಇನ್ನೊಂದು, "ಅವರೂ ಇಲ್ಲದಿದ್ದರೆ ಪ್ರಪಂಚಕ್ಕೆ ಯಾರ್ರೀ ಗತಿ?". ಈ ಜಗಳದಲ್ಲಿ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆಯೊಂದು ಕಳೆದೇಹೋಗುತ್ತದೆ. ವಿಯೆಟ್ನಾಂ ಕಾಲದಲ್ಲಿ ಬೀದಿಗಿಳಿದು ಕೂಗಾಡಿದ ಅದೇ ದೇಶ, ಆಫ್ಘಾನಿಸ್ತಾನದಲ್ಲಿ 20 ವರ್ಷ ಯುದ್ಧ ನಡೆಯುತ್ತಿದ್ದರೂ ಅದನ್ನು ಹೆಚ್ಚುಕಮ್ಮಿ ಮರೆತೇಬಿಟ್ಟಿತ್ತಲ್ಲ, ಯಾಕೆ?

ನನಗನ್ನಿಸುವುದು ಇಷ್ಟೇ: ಯುದ್ಧದ ಬಿಲ್ಲು ಮನೆಮನೆಗೆ ಬರುವುದು ನಿಂತಿತು, ಅದರ ಜೊತೆಗೆ ಪ್ರಶ್ನೆ ಕೇಳುವುದೂ ನಿಂತಿತು.

ಎರಡನೇ ಮಹಾಯುದ್ಧವನ್ನೇ ನೋಡಿ. ಸುಮಾರು 1 ಕೋಟಿ 60 ಲಕ್ಷ ಅಮೆರಿಕನ್ನರು ಸಮವಸ್ತ್ರ ತೊಟ್ಟರು. ಅಧ್ಯಕ್ಷ ರೂಸ್‌ವೆಲ್ಟರ ನಾಲ್ಕೂ ಗಂಡುಮಕ್ಕಳು ಸೇನೆಯಲ್ಲಿದ್ದರು. ಸಕ್ಕರೆ, ಕಾಫಿ, ಮಾಂಸ, ಬೆಣ್ಣೆ, ಪೆಟ್ರೋಲು, ಕಾರಿನ ಟೈರು, ಕಡೆಗೆ ಕಾಲಿನ ಚಪ್ಪಲಿಗೂ ರೇಷನ್ನು. 1942ರಲ್ಲಿ ಜನಸಾಮಾನ್ಯರಿಗಾಗಿ ಕಾರು ತಯಾರಿಸುವುದೇ ನಿಂತುಹೋಯಿತು. ಅಲ್ಲಿಯವರೆಗೆ ಉಳ್ಳವರ ತಲೆನೋವಾಗಿದ್ದ ಆದಾಯ ತೆರಿಗೆ ಕೂಲಿಕಾರನ ಸಂಬಳಕ್ಕೂ ಬಂತು. 1943ರಿಂದ ತೆರಿಗೆ ಹಿಡಿದುಕೊಂಡೇ ಸಂಬಳ ಕೊಡತೊಡಗಿದರು. 1944ರಲ್ಲಿ ಅತ್ಯಂತ ಹೆಚ್ಚಿನ ಆದಾಯದ ಮೇಲಿನ ತೆರಿಗೆ ಶೇಕಡಾ 94! ಯುದ್ಧ ನಡೆಯುತ್ತಿದೆ ಅನ್ನುವುದು ಅಡಿಗೆಮನೆಯ ಸಕ್ಕರೆ ಡಬ್ಬಿಗೂ ಗೊತ್ತಿತ್ತು.

ಹಾಗಂತ ಅದೇನು ರಾಮರಾಜ್ಯವಾಗಿರಲಿಲ್ಲ. ಅದೇ 1942ರಲ್ಲಿ ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ದೂಡಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕಾದ ಪ್ರಜೆಗಳೇ. ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸಿದ್ದು 1988ರಲ್ಲಿ. "ಇಡೀ ದೇಶ ಒಂದಾಗಿತ್ತು" ಎಂದು ಯಾರಾದರೂ ಭಾವುಕರಾದರೆ ಇದನ್ನೂ ನೆನಪಿಸಬೇಕು.

ಇನ್ನೊಂದು ವಿಷಯ. ಅಮೆರಿಕಾದ ಸಂಸತ್ತು ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲೇ ಕೊನೆ. ಕೊರಿಯಾ, ವಿಯೆಟ್ನಾಂ, ಆಫ್ಘಾನಿಸ್ತಾನ, ಇರಾಕ್... ಯಾವುದಕ್ಕೂ ಯುದ್ಧ ಘೋಷಣೆ ಇಲ್ಲ. 1964ರ ಟೊಂಕಿನ್ ಕೊಲ್ಲಿ ನಿರ್ಣಯದ ಪರವಾಗಿ ಕೆಳಮನೆಯಲ್ಲಿ 416 ಮತ, ವಿರುದ್ಧ ಸೊನ್ನೆ. ಆ ಒಂದು ನಿರ್ಣಯದ ಬಲದಲ್ಲಿ ಲಕ್ಷಾಂತರ ಹುಡುಗರು ವಿಯೆಟ್ನಾಮಿಗೆ ಹೋದರು.

ಆದರೆ ಅಲ್ಲೊಂದು ವ್ಯತ್ಯಾಸವಿತ್ತು. ಕಡ್ಡಾಯ ಸೈನ್ಯಭರ್ತಿ, ಅವರ ಭಾಷೆಯಲ್ಲಿ ಡ್ರಾಫ್ಟ್. 1969ರ ಡಿಸೆಂಬರ್ 1ರ ರಾತ್ರಿ ಗಾಜಿನ ಪಾತ್ರೆಯೊಂದರಲ್ಲಿ 366 ಜನ್ಮದಿನಗಳ ಚೀಟಿ ಹಾಕಿ, ಟೀವಿ ಮುಂದೆ ಲಾಟರಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರ ಅಮ್ಮಂದಿರನ್ನು ಒಂದು ಕ್ಷಣ ನೆನೆಸಿಕೊಳ್ಳಿ. ಅಲ್ಲೂ ಅನ್ಯಾಯ ಇತ್ತು, ಇಲ್ಲ ಅನ್ನುವುದಿಲ್ಲ. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಸಿಗುತ್ತಿತ್ತು, ಓದಲು ದುಡ್ಡಿಲ್ಲದವರು ಬಂದೂಕು ಹಿಡಿದರು. ಆದರೂ ಭಯ ಮಾತ್ರ ಸಾಕಷ್ಟು ಮನೆಗಳಿಗೆ ಹಂಚಿಕೆಯಾಗಿತ್ತು. 1970ರ ಮೇ ತಿಂಗಳಲ್ಲಿ ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದಾಗ ದೇಶದ ಕಾಲೇಜುಗಳೇ ಹೊತ್ತಿಕೊಂಡವು. "ಸಾಯೋ ವಯಸ್ಸಾಗಿದೆ, ವೋಟು ಹಾಕೋ ವಯಸ್ಸಾಗಿಲ್ವಾ?" ಎನ್ನುವ ವಾದ ಗೆದ್ದು 1971ರಲ್ಲಿ 18 ವರ್ಷದವರಿಗೆ ಮತದಾನದ ಹಕ್ಕು ಬಂತು. 1973ರಲ್ಲಿ ಡ್ರಾಫ್ಟ್ ನಿಂತಿತು. ಅಷ್ಟರಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಮಿನಲ್ಲಿ ಸತ್ತವರು ಅದರ ಎಷ್ಟೋ ಪಟ್ಟು.

ಆಮೇಲೆ ಬಂದದ್ದು ಸ್ವಯಂಪ್ರೇರಿತರ ಸೈನ್ಯ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಪರಿಣಾಮ ನೋಡಿ. 2001ರ ನಂತರದ ಯುದ್ಧಗಳ ಭಾರ ಹೊತ್ತದ್ದು ದೇಶದ ಒಂದು ಸಣ್ಣ ಪಾಲು ಜನ. ಅದೇ ಸೈನಿಕರು ಎರಡು, ಮೂರು, ನಾಲ್ಕು ಬಾರಿ ಹೋಗಿ ಬಂದರು. ಉಳಿದವರಿಗೆ? ತೆರಿಗೆ ಕಡಿತ! 2003ರ ಮಾರ್ಚಿನಲ್ಲಿ ಇರಾಕ್ ಯುದ್ಧ ಶುರು, ಮೇ ತಿಂಗಳಲ್ಲಿ ತೆರಿಗೆ ಇಳಿಸುವ ಕಾನೂನಿಗೆ ಬುಷ್ ಸಹಿ. ಯುದ್ಧದ ಖರ್ಚು ಸಾಲದ ಪುಸ್ತಕಕ್ಕೆ. ಶವಪೆಟ್ಟಿಗೆಗಳು ಬಂದಿಳಿಯುತ್ತಿದ್ದ ಡೋವರ್ ವಾಯುನೆಲೆಯಲ್ಲಿ ಫೋಟೋ ತೆಗೆಯುವಂತಿರಲಿಲ್ಲ. 1991ರಲ್ಲಿ ಹಾಕಿದ ಆ ನಿಷೇಧ ತೆರವಾದದ್ದು 2009ರಲ್ಲಿ.

"ಇರಾಕ್ ವಿರುದ್ಧವೂ ದೊಡ್ಡ ಮೆರವಣಿಗೆ ಆಗಿತ್ತಲ್ಲ" ಎಂದು ನೀವು ಕೇಳಬಹುದು. ನಿಜ, 2003ರ ಫೆಬ್ರವರಿಯಲ್ಲಿ ಆಗಿತ್ತು. ಆದರೆ ಮನೆಗೆ ಡ್ರಾಫ್ಟಿನ ಕಾಗದ ಬರದಿದ್ದಾಗ ಮೆರವಣಿಗೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋಗಬಹುದು. ಯುದ್ಧ ಮುಂದುವರಿಯಿತು, 2004ರಲ್ಲಿ ಬುಷ್ ಮತ್ತೆ ಗೆದ್ದರು.

2001ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಿಗೆ ಸೇನಾಬಲ ಬಳಸಲು ಅಧಿಕಾರ ಕೊಟ್ಟಾಗ ಇಡೀ ಸಂಸತ್ತಿನಲ್ಲಿ ವಿರುದ್ಧ ಬಿದ್ದದ್ದು ಒಂದೇ ಒಂದು ಮತ, ಬಾರ್ಬರಾ ಲೀ ಅವರದು. ಆಕೆಗೆ ಕೊಲೆ ಬೆದರಿಕೆಗಳು ಬಂದವು. 20 ವರ್ಷದ ನಂತರ, 2021ರ ಆಗಸ್ಟಿನಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಬಾಂಬಿಗೆ 13 ಅಮೆರಿಕನ್ ಯೋಧರು ಸತ್ತರು. ಅವರಲ್ಲಿ ಹಲವರಿಗೆ ಕೇವಲ 20 ವರ್ಷ. ಯುದ್ಧ ಶುರುವಾದಾಗ ತೊಟ್ಟಿಲಲ್ಲಿದ್ದ ಮಕ್ಕಳು! ಮನೆಗೆ ಬಂದವರ ಕಥೆಯೂ ಸುಖದ್ದಲ್ಲ. 2008ರಿಂದೀಚೆಗೆ ಅಮೆರಿಕಾದಲ್ಲಿ ವರ್ಷಕ್ಕೆ 6,000ಕ್ಕೂ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡಿದ್ದಾರೆ.

ಹಾಗಾದರೆ ಡ್ರಾಫ್ಟ್ ಮತ್ತೆ ಬರಲಿ ಅಂತೀಯಾ ಎಂದು ಕೇಳಬೇಡಿ. ಯಾರ ಮಗನನ್ನೂ ಚೀಟಿ ಎತ್ತಿ ಸಾಯಲು ಕಳಿಸಬಾರದು. ಆದರೆ ಎರಡು ಕೆಲಸ ಆಗಬೇಕು. ಯುದ್ಧಕ್ಕೆ ಹೋಗುವ ಸರ್ಕಾರ ಅದೇ ವರ್ಷ ಯುದ್ಧ ತೆರಿಗೆ ಹಾಕಬೇಕು, ಸಾಲ ಮಾಡಬಾರದು. ಕೊಟ್ಟ ಅನುಮತಿಗೆ ಒಂದು ಗಡುವು ಇರಬೇಕು, ಮುಗಿದ ಮೇಲೆ ಪ್ರತಿಯೊಬ್ಬ ಸಂಸದನೂ ಮತ್ತೆ ಕೈಯೆತ್ತಿ ಜನರ ಮುಂದೆ ಉತ್ತರ ಕೊಡಬೇಕು. ಜೇಬಿಗೆ ಕತ್ತರಿ ಬಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ.

ಅಲ್ಲಿರುವ ನಮ್ಮ ಕನ್ನಡದ ಗೆಳೆಯರಿಗೂ ಇದು ದೂರದ ವಿಷಯವಲ್ಲ. 1980ರಿಂದ ಡ್ರಾಫ್ಟ್ ಇಲ್ಲದಿದ್ದರೂ ಪಟ್ಟಿ ಮಾತ್ರ ಇದೆ. ಅಲ್ಲೇ ಹುಟ್ಟಿದ ಮಗನಿರಲಿ, ಗ್ರೀನ್ ಕಾರ್ಡಿನ ಮಗನಿರಲಿ, 18 ತುಂಬಿದರೆ ಆ ಪಟ್ಟಿಯಲ್ಲಿ ಅವನ ಹೆಸರಿರಬೇಕು. ಅದು ಬರೀ ಕಾಗದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇ ಇರಲಿ ಅಂತ ನನ್ನ ಆಸೆಯೂ. ಅಮೆರಿಕಾದಲ್ಲಿರುವ ಬ್ಲಾಗಿಗರೇ, ಈ ಯುದ್ಧಗಳ ಬಿಲ್ಲು ನಿಮ್ಮ ಬೀದಿಗೆ ಎಂದಾದರೂ ಬಂದದ್ದುಂಟಾ? ನೀವೇನಂತೀರಿ?