ಕಾರಣ ಹೇಳದ ಹುಕುಂ

ಮೇಲಿನವರು ಹುಕುಂ ಕಳಿಸುತ್ತಾರೆ, ಕಾರಣ ಹೇಳುವುದಿಲ್ಲ. ಅದು ತಪ್ಪಾದರೆ ಅದರ ಬೆಲೆಯನ್ನು ತೆರುವವರು ಕೆಳಗಿನವರು. ಗಿರಣಿಯ ನೋಟೀಸು ಬೋರ್ಡಿನ ಮುಂದೆ ನಿಂತು ಪಾಳಿ ರದ್ದಾದ ಚೀಟಿಯನ್ನು ಓದಿದ ಕಾರ್ಮಿಕನಿಗೆ ಇದನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ. ರಾತ್ರೋರಾತ್ರಿ ಹೊರಟ ಸರ್ಕಾರಿ ಆಜ್ಞೆಯಿಂದ ಕೊಂಡ ಮಾಲು ಮಾರಲಾಗದೆ ಕುಳಿತ ಸಣ್ಣ ವ್ಯಾಪಾರಿಗೂ ಹೇಳಬೇಕಾಗಿಲ್ಲ. ಈ ರೋಗ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಪ್ರಕರಣವನ್ನು ವಾಚಕರ ಮುಂದಿಡುತ್ತೇವೆ.

1942ರ ಜೂನ್ 27ರಂದು ಐಸ್‌ಲೆಂಡಿನಿಂದ 35 ಸರಕು ಹಡಗುಗಳ ಒಂದು ತಂಡ ರಷ್ಯದ ಉತ್ತರದ ಬಂದರುಗಳ ಕಡೆಗೆ ಹೊರಟಿತು. ಕಡತಗಳಲ್ಲಿ ಅದರ ಹೆಸರು ಪಿ.ಕ್ಯೂ. 17. ಹಿಟ್ಲರನ ಸೈನ್ಯ ರಷ್ಯದೊಳಗೆ ನುಗ್ಗುತ್ತಿದ್ದ ಕಾಲವದು. ಹಡಗುಗಳಲ್ಲಿ ಟ್ಯಾಂಕು, ವಿಮಾನ, ಲಾರಿಗಳು ತುಂಬಿದ್ದವು. ಅವನ್ನು ನಡೆಸುತ್ತಿದ್ದವರು ಸಿಪಾಯಿಗಳಲ್ಲ. ಕೂಲಿಗೆ ದುಡಿಯುವ ನಾವಿಕರು, ಅಮೆರಿಕದವರು, ಬ್ರಿಟನ್ನಿನವರು, ರಷ್ಯದವರು ಮತ್ತು ಇತರರು. ಪಕ್ಕದಲ್ಲಿ ಕಮಾಂಡರ್ ಬ್ರೂಮ್ ಎಂಬ ಅಧಿಕಾರಿಯ ಕೈಕೆಳಗೆ ಬೆಂಗಾವಲಿನ ಸಣ್ಣ ಯುದ್ಧನೌಕೆಗಳಿದ್ದವು. ಸ್ವಲ್ಪ ದೂರದಲ್ಲಿ ರಿಯರ್ ಅಡ್ಮಿರಲ್ ಹ್ಯಾಮಿಲ್ಟನ್ ನಾಲ್ಕು ಕ್ರೂಸರ್‌ಗಳೊಂದಿಗಿದ್ದರು.

ಎಲ್ಲರ ಮನಸ್ಸಿನಲ್ಲಿ ಇದ್ದುದು ಒಂದೇ ಭಯ. ನಾರ್ವೆಯ ಕಡಲತೋಳಿನಲ್ಲಿ ಅಡಗಿದ್ದ ಜರ್ಮನರ ಭಾರಿ ಯುದ್ಧನೌಕೆ 'ಟಿರ್ಪಿಟ್ಜ್' ಹೊರಬಿದ್ದರೆ ಗತಿಯೇನು? ಜುಲೈ 4ರ ಸಂಜೆ ಲಂಡನ್ನಿನ ನೌಕಾಖಾತೆಯ ಕಚೇರಿಯಲ್ಲಿ ಇದೇ ಚರ್ಚೆ. ಮುಖ್ಯ ನೌಕಾಧಿಪತಿ ಅಡ್ಮಿರಲ್ ಸರ್ ಡಡ್ಲಿ ಪೌಂಡ್ ಗುಪ್ತವಾರ್ತೆಯ ಅಧಿಕಾರಿ ಡೆನಿಂಗ್ ಅವರನ್ನು ಕೇಳಿದರು: ಟಿರ್ಪಿಟ್ಜ್ ಇನ್ನೂ ಲಂಗರಿನಲ್ಲಿದೆ ಎಂದು ಖಚಿತವಾಗಿ ಹೇಳಬಲ್ಲಿರಾ? ಅದು ಹೊರಟಿದ್ದರೆ ಜರ್ಮನರು ತಮ್ಮದೇ ಜಲಾಂತರ್ಗಾಮಿಗಳಿಗೆ ಎಚ್ಚರಿಕೆ ಕೊಡುತ್ತಿದ್ದರು. ಅಂಥ ಸಂದೇಶ ಸಿಕ್ಕಿಲ್ಲ. ಆದುದರಿಂದ ಹೊರಟಿಲ್ಲ ಎಂಬುದು ಡೆನಿಂಗ್ ಅವರ ನಂಬಿಕೆ. ಆದರೆ ಕಣ್ಣಾರೆ ಕಂಡ ಸಾಕ್ಷ್ಯವನ್ನು ಅವರು ಎಲ್ಲಿಂದ ತಂದಾರು? ಪೌಂಡ್ ಅವರು ತಮ್ಮ ತೀರ್ಮಾನವನ್ನು ತಾವೇ ಮಾಡಿದರು.

ಆ ರಾತ್ರಿ ಅರ್ಧ ಗಂಟೆಯೊಳಗೆ ಮೂರು ನಿಸ್ತಂತು ಹುಕುಂಗಳು ಹೊರಟವು. 9 ಗಂಟೆ 11 ನಿಮಿಷದ್ದು: ಕ್ರೂಸರ್‌ಗಳು ಅತಿವೇಗದಿಂದ ಪಶ್ಚಿಮಕ್ಕೆ ಹಿಂದಿರುಗಲಿ. 9-23ರದು: ಶತ್ರುವಿನ ಯುದ್ಧನೌಕೆಗಳ ಭೀತಿಯಿರುವುದರಿಂದ ಸರಕು ಹಡಗುಗಳು ಗುಂಪು ಬಿಟ್ಟು ರಷ್ಯದ ಬಂದರುಗಳಿಗೆ ಹೋಗಲಿ. 9-36ರದು: ಹಡಗುಗಳು ದಿಕ್ಕುದಿಕ್ಕಿಗೆ ಚದರಲಿ.

ಈ ಮೂರನೆಯದರ ಕಥೆಯನ್ನು ವಾಚಕರು ಗಮನಿಸಬೇಕು. ನೌಕಾಪಡೆಯ ಭಾಷೆಯಲ್ಲಿ ಗುಂಪು ಬಿಡುವುದು ಬೇರೆ, ಚದರುವುದು ಬೇರೆ. ಗುಂಪು ಬಿಟ್ಟ ಹಡಗುಗಳು ಒಂದೇ ಗುರಿಯತ್ತ ತಮ್ಮ ತಮ್ಮ ವೇಗದಲ್ಲಿ ಸಾಗುತ್ತವೆ. ಚದರಿದ ಹಡಗುಗಳು ಬೀಸಣಿಗೆಯಂತೆ ಒಂದೊಂದು ದಿಕ್ಕಿಗೆ ಓಡುತ್ತವೆ. ಕಚೇರಿಯವರ ಮಟ್ಟಿಗೆ ಮೂರನೆಯ ಹುಕುಂ ಹಿಂದಿನದರಲ್ಲಿದ್ದ ಒಂದು ಶಬ್ದದ ತಿದ್ದುಪಡಿ, ಅಷ್ಟೇ. ಆದರೆ ಅದರ ಮೇಲೆ 'ಅತಿ ತುರ್ತು' ಎಂಬ ಮೊಹರು ಬಿದ್ದಿತ್ತು. ಮೇಲಿಂದ ಮೇಲೆ ಬಂದ ಮೂರನ್ನೂ ಓದಿದ ಬ್ರೂಮ್ ಮತ್ತು ಹ್ಯಾಮಿಲ್ಟನ್ ಅವರಿಗೆ ತೋರಿದ ಅರ್ಥ ಒಂದೇ: ಟಿರ್ಪಿಟ್ಜ್ ಬಂದೇಬಿಟ್ಟಿತು, ಇನ್ನೇನು ಕಣ್ಣಿಗೆ ಬೀಳುತ್ತದೆ! ಬ್ರೂಮ್ ಕಾದಾಟಕ್ಕೆಂದೇ ತಮ್ಮ ಆರು ಡೆಸ್ಟ್ರಾಯರ್‌ಗಳನ್ನು ಕ್ರೂಸರ್‌ಗಳೊಂದಿಗೆ ಸೇರಿಸಿಕೊಂಡು ಹೊರಟರು. ಕಾದಾಟ ನಡೆಯಲಿಲ್ಲ. ತಿರುಗಿ ಹೋಗಿ ಹಡಗುಗಳನ್ನು ಕಾಯಿರಿ ಎಂಬ ಹುಕುಂ ಸಹ ಬರಲಿಲ್ಲ.

ಟಿರ್ಪಿಟ್ಜ್ ಆ ಹೊತ್ತಿನಲ್ಲಿ ಲಂಗರಿನಲ್ಲೇ ಇತ್ತು! ಮರುದಿನ ಮಧ್ಯಾಹ್ನ ಹೊರಟು, ಯಾವ ಹಡಗನ್ನೂ ಕಾಣದೆ ಅಂದು ರಾತ್ರಿಯೇ ಹಿಂದಕ್ಕೆ ತಿರುಗಿತು. ಅದರ ಅಗತ್ಯವೇ ಬೀಳಲಿಲ್ಲ. ಜುಲೈ ತಿಂಗಳಲ್ಲಿ ಆ ಕಡಲಿನಲ್ಲಿ ಸೂರ್ಯ ಮುಳುಗುವುದಿಲ್ಲ; ಅಡಗಲು ಕತ್ತಲೆಯೂ ಇಲ್ಲ. ಒಂಟಿ ಹಡಗುಗಳನ್ನು ಜರ್ಮನ್ ವಿಮಾನಗಳೂ ಜಲಾಂತರ್ಗಾಮಿಗಳೂ ಒಂದೊಂದಾಗಿ ಮುಳುಗಿಸಿದವು. ಒಟ್ಟು 24 ಹಡಗುಗಳು ಹೋದವು; ಹುಕುಂ ಬರುವ ಮೊದಲು ಹೋದವು ಮೂರೇ ಮೂರು. 153 ಮಂದಿ ನಾವಿಕರು ಸತ್ತರು. 430 ಟ್ಯಾಂಕುಗಳೂ 210 ವಿಮಾನಗಳೂ ಸಮುದ್ರದ ಪಾಲಾದವು.

ಬದುಕಿ ಬಂದ ಕೆಲವು ಹಡಗುಗಳ ಕಥೆ ಮೇಜಿನ ಮುಂದಿನ ಬುದ್ಧಿವಂತರಿಗೆ ಪಾಠವಾಗಬೇಕು. 'ಏರ್‌ಷೈರ್' ಎಂಬುದು ಮೀನು ಹಿಡಿಯುವ ದೋಣಿಯ ಜಾತಿಯ ಸಣ್ಣ ಕಾವಲು ಹಡಗು. ಅದರ ನಾಯಕ ಗ್ರ್ಯಾಡ್‌ವೆಲ್ ಯುದ್ಧಕ್ಕೆ ಮುಂಚೆ ವಕೀಲಿ ಮಾಡುತ್ತಿದ್ದವರು. ಅವರು ಮೂರು ಸರಕು ಹಡಗುಗಳನ್ನು ಕರೆದುಕೊಂಡು ಹಿಮಗಡ್ಡೆಗಳ ನಡುವೆ ನುಗ್ಗಿದರು. ನಾವಿಕರು ಹಡಗುಗಳಿಗೆ ಬಿಳಿ ಬಣ್ಣ ಬಳಿದರು; ಅಟ್ಟದ ಮೇಲಿದ್ದ ಟ್ಯಾಂಕುಗಳ ಫಿರಂಗಿಗೆ ಮದ್ದು ತುಂಬಿ ಕಾದು ಕುಳಿತರು. ಮೂರು ಹಡಗುಗಳೂ ರಷ್ಯವನ್ನು ಮುಟ್ಟಿದವು. ದುಡಿಯುವವನಿಗೆ ಬುದ್ಧಿಯಿಲ್ಲ, ಅವನಿಗೆ ಕಾರಣ ಹೇಳಿ ಫಲವಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಇನ್ನು ಹೊಣೆಯ ಮಾತು. ಚರ್ಚಿಲ್ ಅವರು ಜುಲೈ 17ರಂದು ಸ್ಟಾಲಿನ್ ಅವರಿಗೆ ಪತ್ರ ಬರೆದು, ಸದ್ಯಕ್ಕೆ ಈ ಮಾರ್ಗದಲ್ಲಿ ಹಡಗು ಕಳಿಸಲಾಗದು ಎಂದರು. ಬೆಂಗಾವಲು ನೌಕೆಗಳು ಹಿಂದಿರುಗಿ, ಸರಕು ಹಡಗುಗಳು ರಕ್ಷಣೆಯಿಲ್ಲದೆ ಒಂಟಿಯಾಗಿ ಹೋಗಬೇಕೆಂಬ ಹುಕುಂ ನಮ್ಮ ತಜ್ಞರಿಗೆ ಅರ್ಥವಾಗುತ್ತಿಲ್ಲ ಎಂದು ಸ್ಟಾಲಿನ್ 23ರಂದು ಉತ್ತರಿಸಿದರು. ತಮ್ಮ ದೇಶದಲ್ಲಿ ಪ್ರಶ್ನೆ ಕೇಳಿದವರನ್ನು ಸೆರೆಗೂ ಸಾವಿಗೂ ದೂಡಿದವರು ಸ್ಟಾಲಿನ್; ನಾವು ಅವರ ವಕೀಲರಲ್ಲ. ಆದರೆ ಈ ಪ್ರಶ್ನೆ ನ್ಯಾಯವಾದುದು. ಅದೇ ಪ್ರಶ್ನೆಯನ್ನು ಕೇಳಲು ಸತ್ತ ನಾವಿಕನ ಹೆಂಡತಿಗೆ ಯಾವ ವಿಳಾಸವಿತ್ತು?

ಬಂದರುಗಳಲ್ಲಿ ಬೆಂಗಾವಲಿನವರನ್ನು ಹೇಡಿಗಳೆಂದು ಹಳಿದರು. 1968ರಲ್ಲಿ ಹೊರಬಂದ ಒಂದು ಪುಸ್ತಕ ತಪ್ಪನ್ನು ಬ್ರೂಮ್ ಅವರ ತಲೆಗೆ ಕಟ್ಟಿತು. ಅವರು ಮಾನನಷ್ಟದ ದಾವೆ ಹೂಡಿ, 1970ರಲ್ಲಿ ಗೆದ್ದು, 40,000 ಪೌಂಡು ಪರಿಹಾರ ಪಡೆದರು. ಆದರೆ ಕೂಲಿ ನಾವಿಕರಿಗೆ ಅಂಥ ದಾವೆ ಎಲ್ಲಿಂದ ಬರಬೇಕು? ಯುದ್ಧದಲ್ಲಿ ದುಡಿದ ಅಮೆರಿಕದ ಸರಕು ಹಡಗಿನವರನ್ನು ಮಾಜಿ ಯೋಧರೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1988ರಲ್ಲಿ. ಬ್ರಿಟನ್ನು ಆ ಹಿಮಗಡಲಿನ ಯಾತ್ರೆಗೆಂದೇ ಒಂದು ಪದಕ ಕೊಟ್ಟಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಬಹುಮಂದಿ ಕಣ್ಣು ಮುಚ್ಚಿದ್ದರು.

ಆದರೂ ಒಂದು ಮಾತನ್ನು ಒಪ್ಪಬೇಕು. ಆ ಮೂರು ಹುಕುಂಗಳನ್ನು ಇಂದು ನಾವು ಓದಬಲ್ಲೆವು. ಬ್ರಿಟನ್ನಿನ ದಂಡನಾಯಕ ಅಡ್ಮಿರಲ್ ಟೋವಿ, ಚದರಿಸುವ ಆಜ್ಞೆ ಅಕಾಲಿಕವಾಗಿತ್ತು ಎಂದು ಬರೆದ ವರದಿಯನ್ನು ಅವರದೇ ಸರ್ಕಾರಿ ಗೆಜೆಟ್ಟು 1950ರಲ್ಲಿ ಅಚ್ಚು ಹಾಕಿತು. ನಮ್ಮಲ್ಲೇನಾಗಿದೆ? 1962ರ ಗಡಿಯುದ್ಧದ ಸೋಲನ್ನು ಕುರಿತು ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲಿ ಒಪ್ಪಿಸಿದ ವರದಿಯನ್ನು ನಮ್ಮ ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಅದರ ಒಂದು ಭಾಗ 2014ರಲ್ಲಿ ಹೊರಬಿದ್ದದ್ದೂ ಪರದೇಶದ ಪತ್ರಕರ್ತರೊಬ್ಬರ ಕೈಯಿಂದ. ಗದ್ದುಗೆಯ ಮೇಲೆ ಪಕ್ಷಗಳು ಬದಲಾದವು, ಪೆಟ್ಟಿಗೆಯ ಬೀಗ ಬದಲಾಗಲಿಲ್ಲ. ಹಿಮದಲ್ಲಿ ಹರಕು ಬಟ್ಟೆಯಲ್ಲಿ ಕಾದಾಡಿ ಸತ್ತ ಜವಾನ ಯಾರ ಹುಕುಮಿನಿಂದ ಅಲ್ಲಿಗೆ ಹೋದ ಎಂದು ಅವನ ಮಕ್ಕಳು, ಮೊಮ್ಮಕ್ಕಳು ತಿಳಿಯಬಾರದೇ?

ಯುದ್ಧಕಾಲದಲ್ಲಿ ಗುಟ್ಟು ಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಶತ್ರುವಿನಿಂದ ಗುಟ್ಟು ಕಾಯುವುದು ಬೇರೆ, ಸ್ವಂತ ಜನರಿಂದ ತಪ್ಪನ್ನು ಮುಚ್ಚುವುದು ಬೇರೆ. ಆ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಗಿರಣಿಯಾಗಲಿ, ಕಚೇರಿಯಾಗಲಿ, ಸೈನ್ಯವಾಗಲಿ, ಹುಕುಮಿನ ಜೊತೆಗೆ ಅದರ ಕಾರಣವೂ ಬರಬೇಕು; ಕೊಟ್ಟವನ ಹೆಸರು ಅದರ ಕೆಳಗಿರಬೇಕು; ಕಣ್ಣೆದುರು ಕಂಡದ್ದನ್ನು ಹೇಳಲು ಸ್ಥಳದಲ್ಲಿರುವವನಿಗೆ ಅವಕಾಶವಿರಬೇಕು. ಮುಂದಿನ ಸಲ ಬೋರ್ಡಿನ ಮೇಲೆ ಕಾರಣವಿಲ್ಲದ ಚೀಟಿ ಬಿದ್ದಾಗ, ಅದರ ಕೆಳಗೆ ಯಾರ ರುಜು ಇದೆ ಎಂದು ಮೊದಲು ನೋಡಿರಿ; ಆಮೇಲೆ ಹತ್ತು ಜನ ಒಟ್ಟಾಗಿ ಹೋಗಿ ಕಾರಣ ಕೇಳಿರಿ.