ಗುಜರಿ ಎಂದವರು ಯಾರು?

ಜಗಳೂರು ತಾಲ್ಲೂಕಿನ ಒಂದು ಹೈಸ್ಕೂಲು. ಹೆಸರು ಬೇಡ. ಹೆಸರು ಬರೆದರೆ ಮೇಷ್ಟ್ರಿಗೆ ನೋಟೀಸು ಬರುತ್ತದೆ, ಕಂಪ್ಯೂಟರು ಇದ್ದಲ್ಲೇ ಇರುತ್ತದೆ. ಕಬ್ಬಿಣದ ಬಾಗಿಲಿಗೆ ಎರಡು ಬೀಗ. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ: ಚಪ್ಪಲಿ ಹೊರಗೆ ಬಿಡಿ. ಒಳಗೆ ಹಳೇ ಬೆಡ್‌ಶೀಟು ಹೊದ್ದು ಮಲಗಿದ ಹನ್ನೊಂದು ಪೆಟ್ಟಿಗೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನಮ್ಮ ಹಿಂದೆಯೇ ಬಂದವಳು ಹೊಸ್ತಿಲ ಆಚೆ ನಿಂತಳು. ಒಳಗೆ ಬಾರವ್ವ ಅಂದರೆ, 'ಬ್ಯಾಡ್ರಿ ಸಾರ್, ಬೈತಾರೆ' ಅಂದಳು. ಆಕೆಯ ಅಜ್ಜಿ ಯಾವ ಗುಡಿಯ ಹೊಸ್ತಿಲ ಆಚೆ ಹೀಗೇ ನಿಂತಿದ್ದಳೋ, ಕೇಳುವ ಧೈರ್ಯ ನಮಗೆ ಬರಲಿಲ್ಲ.

ಮೂರು ವರ್ಷದಿಂದ ಆ ಪೆಟ್ಟಿಗೆಗಳನ್ನು ಯಾರೂ ಹಚ್ಚಿಲ್ಲ. ಯಾಕೆ ಅಂತ ಕೇಳಿದೆವು. 'ಹಳೇವು, ಸ್ಲೋ ಆಗ್ಯಾವೆ, ಗುಜರಿಗೆ ಹಾಕಬೇಕು, ಪತ್ರ ಬರೆದೀವಿ' ಅಂದರು. ಹೊನ್ನಾಳಿಯಲ್ಲಿ ಇದೇ ಮಾತು, ನ್ಯಾಮತಿಯಲ್ಲಿ ಇದೇ ಮಾತು. ಚನ್ನಗಿರಿ ಕಡೆಯ ಒಂದು ಹಾಸ್ಟೆಲಿನಲ್ಲಿ ಪೆಟ್ಟಿಗೆಗಳು ಅಕ್ಕಿ ಮೂಟೆಗಳ ಪಕ್ಕ ಕೂತಿದ್ದವು. ನಾವು ಕೇಳುವುದು ಒಂದೇ. ಇವನ್ನು ಗುಜರಿ ಎಂದವರು ಯಾರು? ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿದವರು ಎಷ್ಟು ಮಂದಿ?

ಒಬ್ಬರೂ ಇಲ್ಲ. ಗುಜರಿ ಎಂಬ ತೀರ್ಪು ಬರುವುದು ಬೇರೆ ಕಡೆಯಿಂದ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ತಂದಿತು. ಅದು ಕೂರಬೇಕಾದರೆ 4 ಜಿಬಿ ಮೆಮೊರಿ ಬೇಕು, ಟಿಪಿಎಂ 2.0 ಎಂಬ ಕಾವಲು ಚಿಪ್ಪು ಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರಿರಬೇಕು. 2017ಕ್ಕೆ ಹಿಂದಿನ ಬಹುಪಾಲು ಇಂಟೆಲ್ ಪ್ರೊಸೆಸರುಗಳು ಆ ಪಟ್ಟಿಯಲ್ಲಿಲ್ಲ. ಇತ್ತ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಪುಕ್ಕಟೆ ರಕ್ಷಣೆ ನಿಂತಿತು. ಮುಂದೆಯೂ ಬೇಕೆನ್ನುವ ಸಂಸ್ಥೆಗಳು ದುಡ್ಡು ಕಟ್ಟಬೇಕು. ಅಂದರೆ ಯಂತ್ರ ಕೆಟ್ಟಿಲ್ಲ, ಸವೆದಿಲ್ಲ, ವಿದ್ಯುತ್ ಕೊಟ್ಟರೆ ಏಳುತ್ತದೆ. ಆದರೂ ಅದು ಪಟ್ಟಿಯಿಂದ ಹೊರಗೆ. ಹುಟ್ಟಿದ ವರ್ಷ ನೋಡಿ ಯೋಗ್ಯತೆ ತೀರ್ಮಾನಿಸುವ ಈ ಪದ್ಧತಿ ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಯೋಗ್ಯತೆಯನ್ನು ಹುಟ್ಟಿದ ಕೇರಿ ನೋಡಿ ತೀರ್ಮಾನಿಸಿದ್ದರು, ಅಷ್ಟೇ.

ಸ್ಲೋ ಆಗುವುದೆಂದರೆ ಏನು? ಇದನ್ನು ಮಂತ್ರದ ಹಾಗೆ ಮುಚ್ಚಿಡುವ ಅಗತ್ಯವಿಲ್ಲ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂದರೆ ಹಗೇವು. ಕಾಳು ತುಂಬಿಡುವ ಜಾಗ. ಮೆಮೊರಿ ಎಂದರೆ ಕಣ. ಹಗೇವಿನಿಂದ ತೆಗೆದದ್ದನ್ನು ಹರವಿ ಕೆಲಸ ಮಾಡುವುದು ಕಣದಲ್ಲಿ. ನಮ್ಮ ಹಳೇ ಪೆಟ್ಟಿಗೆಗಳಲ್ಲಿ ಹಗೇವು ದೊಡ್ಡದಿದೆ, ಕಣ ಸಣ್ಣದು, 1 ಜಿಬಿಯೋ 2 ಜಿಬಿಯೋ. ಹೊಸ ವಿಂಡೋಸ್ ಬರುವಾಗ ಒಂಟಿಯಾಗಿ ಬರುವುದಿಲ್ಲ. ತೇರು, ಪಾಲಕಿ, ವಾದ್ಯದವರು, ಹಿಂದೆ ಮುಂದೆ ಕಾಯುವವರು ಎಲ್ಲರನ್ನೂ ಕರೆದುಕೊಂಡು ಬಂದು ಕಣದ ತುಂಬ ಕೂರುತ್ತದೆ. ಒಕ್ಕಲು ಮಾಡುವವನಿಗೆ ಜಾಗವೇ ಇಲ್ಲ. ಆಗ ಅದು ಕಣದ ಸಾಮಾನನ್ನು ಹಗೇವಿಗೆ ಇಳಿಸುವುದು, ಮತ್ತೆ ಮೇಲಕ್ಕೆ ಎಳೆಯುವುದು, ಇಷ್ಟೇ ಮಾಡುತ್ತಿರುತ್ತದೆ. ನೀವು ಒಂದಕ್ಷರ ಒತ್ತಿ ಬೀಡಿ ಹಚ್ಚಿ ಮುಗಿಸುವ ಹೊತ್ತಿಗೆ ಆ ಅಕ್ಷರ ಮೂಡುತ್ತದೆ.

ಹಗುರ ಲಿನಕ್ಸ್ ಮಾಡುವುದು ಇಷ್ಟೇ: ಜಾತ್ರೆಯನ್ನು ಊರಾಚೆ ನಿಲ್ಲಿಸಿ ಕಣವನ್ನು ಕೆಲಸದವರಿಗೆ ಬಿಡುತ್ತದೆ.

ಇದರ ಹಿಂದಿರುವವರು ದೇವಲೋಕದವರಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್, ಯಾರು ಬೇಕಾದರೂ ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ತಂತ್ರಾಂಶ ಕಟ್ಟುತ್ತೇನೆಂದು ಸಾರಿದ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ, ಇಪ್ಪತ್ತೊಂದರ ಹುಡುಗ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಯಂತ್ರದ ಮುಂದೆ ಕೂತು ಅದಕ್ಕೆ ಬೇಕಾದ ತಿರುಳು ಬರೆದ. ಮುಂದಿನದು ಸಾವಿರಾರು ಜನರ ಕೂಲಿಯಿಲ್ಲದ ದುಡಿಮೆ, ಕಂಪನಿಗಳ ಕೂಲಿಯಾಳುಗಳ ದುಡಿಮೆಯೂ ಸೇರಿ. ಅದನ್ನೇ ಬೇರೆಬೇರೆ ಗುಂಪಿನವರು ಬೇರೆಬೇರೆ ಹದದಲ್ಲಿ ಕಟ್ಟಿಕೊಡುತ್ತಾರೆ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ರೂಪ ಸಾಕು. 2 ಜಿಬಿ ಇದ್ದರೆ ಲುಬುಂಟು, ಇಲ್ಲವೇ ಡೆಬಿಯನ್ ಮೇಲೆ ಎಲ್‌ಎಕ್ಸ್‌ಕ್ಯೂಟಿ. 1 ಜಿಬಿ ಮಾತ್ರ ಎಂದರೆ ಪಪ್ಪಿ, ಆಂಟಿಎಕ್ಸ್. ಈ ಆಂಟಿಎಕ್ಸ್ ಬಗ್ಗೆ ನಮ್ಮ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು. ಗ್ರೀಸಿನಿಂದ ಬರುವ ಈ ಕಟ್ಟು ತನ್ನನ್ನು ಫ್ಯಾಸಿಸಂ ವಿರೋಧಿ ಎಂದು ಬಹಿರಂಗವಾಗಿ ಕರೆದುಕೊಳ್ಳುತ್ತದೆ. ಹೊಂಡುರಾಸಿನ ನದಿ ಉಳಿಸಲು ನಿಂತು 2016ರಲ್ಲಿ ಕೊಲೆಯಾದ ಆದಿವಾಸಿ ಹೆಣ್ಣುಮಗಳು ಬೆರ್ತಾ ಕಾಸೆರೆಸ್ ಹೆಸರನ್ನು ತನ್ನ 16ನೇ ಆವೃತ್ತಿಗೆ ಇಟ್ಟಿತು. ರಿಯೊ ನಗರದ ಕರಿಯ ಜನರ ಪ್ರತಿನಿಧಿ, 2018ರಲ್ಲಿ ಗುಂಡಿಗೆ ಬಲಿಯಾದ ಮರಿಯೆಲ್ ಫ್ರಾಂಕೊ ಹೆಸರನ್ನು 19ನೇದಕ್ಕೆ ಇಟ್ಟಿತು. ನಮ್ಮ ಊರಿನ ಹಳೇ ಪೆಟ್ಟಿಗೆಗೆ ಈ ಹೆಸರುಗಳು ಬಂದು ಕೂರುವುದು ನಮಗೆ ಸಣ್ಣ ವಿಷಯವಲ್ಲ.

ಹಾಗಂತ ಲಿನಕ್ಸಿನವರೆಲ್ಲ ಸಾಧುಗಳು ಅಂತ ನಾವು ಭಜನೆ ಮಾಡುವವರಲ್ಲ. ಯಾವ 386ರ ಮೇಲೆ ಅದು ಹುಟ್ಟಿತೋ ಆ 386ನ್ನೇ 2012ರಲ್ಲಿ ಕೈಬಿಟ್ಟರು. ಡೆಬಿಯನ್ 2025ರ ಆಗಸ್ಟಿನಲ್ಲಿ 13ನೇ ಆವೃತ್ತಿ ತಂದಾಗ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಕೂರಿಸುವ ಬಾಗಿಲು ಮುಚ್ಚಿತು. ಅಂಥ ತೀರಾ ಹಳೇ ಪೆಂಟಿಯಂ ಪೆಟ್ಟಿಗೆಗಳಿಗೆ ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23ರ 32 ಬಿಟ್ ಪ್ರತಿ ಹಾಕಬಹುದು. ಇನ್ನೊಂದು ಸತ್ಯ. ಹಗುರವಾದದ್ದು ಲಿನಕ್ಸ್, ಇಂಟರ್‌ನೆಟ್ ಅಲ್ಲ. 2 ಜಿಬಿಯಲ್ಲಿ ಬ್ರೌಸರಿನ ನಾಲ್ಕು ಕಿಟಕಿ ತೆರೆದು ವಿಡಿಯೋ ಹಚ್ಚಿದರೆ ಕಣ ಮತ್ತೆ ತುಂಬುತ್ತದೆ. ಜೀರ್ಯಾಮ್ ಎಂಬುದೊಂದಿದೆ, ಮೆಕ್ಕೆಜೋಳವನ್ನು ತುಳಿದು ತುಳಿದು ಅದೇ ಚೀಲಕ್ಕೆ ಇನ್ನಷ್ಟು ತುಂಬುವ ಹಾಗೆ ಮೆಮೊರಿಯಲ್ಲಿ ಇರುವುದನ್ನು ಒತ್ತಿ ಜಾಗ ಮಾಡುತ್ತದೆ. ಅದನ್ನು ಹಾಕಿ. ತಿರುಗುವ ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ವಾಸಿ. ಪವಾಡ ಮಾತ್ರ ಕೇಳಬೇಡಿ.

ಈಗ ನಮ್ಮವರೇ ಎತ್ತುವ ಪ್ರಶ್ನೆಗೆ ಬರೋಣ. ನ್ಯಾಮತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: 'ಉಳ್ಳವರ ಮಕ್ಕಳಿಗೆ ಹೊಸ ಲ್ಯಾಪ್‌ಟಾಪು, ನಮಗೆ ಮತ್ತೆ ಅವರು ಬಿಟ್ಟ ತಂಗಳೇನಣ್ಣ?' ಸಭೆ ಸುಮ್ಮನಾಯಿತು. ಅವನ ಸಿಟ್ಟು ನ್ಯಾಯವಾದದ್ದು. ಅದನ್ನು ಯಾರೂ ನೀತಿ ಹೇಳಿ ಆರಿಸಬಾರದು. ದಾನ ಕೊಡುವವರು ಕೀಲಿಮಣೆ ಇಲ್ಲದ, ಬ್ಯಾಟರಿ ಸತ್ತ ಸಾಮಾನು ತಂದು ಸುರಿದು ಫೋಟೋ ತೆಗೆಸಿಕೊಂಡು ಹೋಗುವುದನ್ನು ನಾವೂ ಕಂಡಿದ್ದೇವೆ. ಬಡವರಿಗೆ ಅಂತಲೇ ಬೇರೆ ಯಂತ್ರ ಮಾಡುವ ಆಸೆಯನ್ನೂ ಕಂಡಿದ್ದೇವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳೂ ಎಂಜಿನಿಯರುಗಳೂ ಸೇರಿ ಈ ಶತಮಾನದ ಆರಂಭದಲ್ಲಿ ಸಿಂಪ್ಯೂಟರ್ ಮಾಡಿದರು, ಅದರೊಳಗೂ ಲಿನಕ್ಸೇ ಇತ್ತು, ಉದ್ದೇಶ ಕೆಟ್ಟದ್ದಲ್ಲ. ಆದರೆ ಅದು ಹಳ್ಳಿ ಮುಟ್ಟಲಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ನೆನಪಿರುವ ಜನಕ್ಕೆ ಬೇರೆ ಯಂತ್ರವೆಂದರೆ ಅನುಮಾನ ಬಂದೇ ಬರುತ್ತದೆ.

ಆ ಹುಡುಗನಿಗೆ ನಮ್ಮ ಉತ್ತರ ಇದು. ಲಿನಕ್ಸ್ ತಂಗಳಲ್ಲ ತಮ್ಮ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿ ನೋಡು. 2017ರ ನವೆಂಬರಿನಿಂದ ಆ ಐನೂರಕ್ಕೆ ಐನೂರೂ ಲಿನಕ್ಸ್ ಮೇಲೆಯೇ ಓಡುತ್ತವೆ. ಅದೇ ತಿರುಳು ಜಗಳೂರಿನ ಪೆಟ್ಟಿಗೆಯಲ್ಲೂ ಕೂರುತ್ತದೆ, ಲೋಟ ಒಂದೇ. ಹೊಸ ಕಂಪ್ಯೂಟರು ಬೇಕೆಂಬ ಹಕ್ಕೊತ್ತಾಯವನ್ನು ನಾವು ಒಂದು ದಿನವೂ ಕೈಬಿಡುವುದಿಲ್ಲ. ಆದರೆ ಪತ್ರ ದಾವಣಗೆರೆಗೆ ಹೋಗಿ, ಬೆಂಗಳೂರಿಗೆ ಹೋಗಿ, ಟೆಂಡರು ಆಗಿ ತಿರುಗಿ ಬರುವುದರೊಳಗೆ ಎಂಟನೇ ಕ್ಲಾಸಿನ ಹುಡುಗಿ ಹತ್ತು ಮುಗಿಸಿ ಮೆಕ್ಕೆಜೋಳದ ಕೂಲಿಗೆ ಹೋಗಿರುತ್ತಾಳೆ. ಆ ಎರಡು ವರ್ಷ ಯಾರಪ್ಪನ ಸೊತ್ತು?

ಆಗದು ಅನ್ನುವವರು ಕೇರಳ ನೋಡಲಿ. ಶಾಲೆಯಲ್ಲಿ ಒಂದು ಕಂಪನಿಯ ಸಾಮಾನನ್ನೇ ಯಾಕೆ ಕಲಿಸಬೇಕು ಎಂದು ಅಲ್ಲಿ ತಕರಾರು ತೆಗೆದವರಲ್ಲಿ ಶಿಕ್ಷಕರ ಸಂಘಟನೆಯವರೇ ಇದ್ದರು. 2008ರ ಹೊತ್ತಿಗೆ ಹತ್ತನೇ ಕ್ಲಾಸಿನ ಐಟಿ ಪರೀಕ್ಷೆಯೇ ಲಿನಕ್ಸ್ ಮೇಲೆ ನಡೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತ ಬಂದಿದ್ದಾರೆ. ಕನ್ನಡದ ಮಕ್ಕಳಿಗೆ ಕೇರಳದಲ್ಲಿ ಆಗುವುದು ಕರ್ನಾಟಕದಲ್ಲಿ ಯಾಕೆ ಆಗುವುದಿಲ್ಲ? ಆಗಿಯೂ ಇತ್ತು. 2011ರಿಂದ ಕೆಲವು ವರ್ಷ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ನಮ್ಮ ಹೈಸ್ಕೂಲು ಮೇಷ್ಟ್ರುಗಳಿಗೆ ಉಬುಂಟುವಿನಲ್ಲೇ ತರಬೇತಿ ಕೊಟ್ಟಿತ್ತು. ಕಲಿತವರಲ್ಲಿ ಕೆಲವರು ಇನ್ನೂ ಸರ್ವೀಸಿನಲ್ಲಿದ್ದಾರೆ. ಅವರನ್ನು ಹುಡುಕಿ ಮಾತಾಡಿಸಿ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಹುಡುಗರು ಅಂಬೇಡ್ಕರ್ ಹೆಸರಿನಲ್ಲಿ ಕಂಪ್ಯೂಟರ್ ಕೇಂದ್ರ ಕಟ್ಟಿದರು. ಕೊಳಗೇರಿಯ ಮಕ್ಕಳು ಜಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬರೆದರು. ಅವರನ್ನು ಯಾರೂ ಹೊಸ್ತಿಲಾಚೆ ನಿಲ್ಲಿಸಲಿಲ್ಲ.

ನಮ್ಮ ಸಂಘಟನೆಗಳವರೂ ಒಮ್ಮೆ ಕನ್ನಡಿ ನೋಡಿಕೊಳ್ಳಬೇಕು. ಸಾಮ್ರಾಜ್ಯಶಾಹಿಗೆ ಧಿಕ್ಕಾರ ಎಂಬ ಕರಪತ್ರವನ್ನು ಕದ್ದ ವಿಂಡೋಸಿನಲ್ಲಿ, ಕದ್ದ ವರ್ಡಿನಲ್ಲಿ ಟೈಪು ಮಾಡುತ್ತೇವೆ. ಅದು ಬಂಡಾಯ ಅಂತ ನಗುತ್ತೇವೆ. ಕದ್ದ ಪ್ರತಿ ಹಂಚುವವನು ಕಂಪನಿಗೆ ಕೂಲಿಯಿಲ್ಲದೆ ಪ್ರಚಾರ ಮಾಡುತ್ತಾನೆ. ನಮ್ಮ ಹುಡುಗರು ಆ ಒಂದೇ ಗುಂಡಿ ಒತ್ತುವುದನ್ನು ಕಲಿತು ಬೇರೆಯದರ ಮುಂದೆ ಕೈ ನಡುಗಿಸುತ್ತಾರೆ.

ಇನ್ನು ಕನ್ನಡದ ತಕರಾರು. 'ನಮಗೆ ನುಡಿ ಬಿಟ್ಟರೆ ಬರೋದಿಲ್ಲ' ಅಂತಾರೆ ಮೇಷ್ಟ್ರುಗಳು. ನುಡಿಯ ಕೀಲಿ ಜೋಡಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದೇ ಜೋಡಣೆ ಲಿನಕ್ಸಿನ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ. ಒತ್ತಕ್ಷರಕ್ಕೆ ಅದೇ ಎಫ್ ಗುಂಡಿ. ಬೆರಳು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ತೊಂದರೆ ಇರುವುದು ಹಳೇ ಕಡತಗಳಲ್ಲಿ. ನುಡಿಯ ಹಳೇ ಫಾಂಟಿನಲ್ಲಿ ಟೈಪಾದದ್ದು ಯೂನಿಕೋಡ್ ಅಲ್ಲ, ಇಲ್ಲಿ ತೆರೆದರೆ ಹುಳು ಹರಿದಂತೆ ಕಾಣುತ್ತದೆ. ಪರಿವರ್ತಕಗಳಿವೆ, ಒಂದು ಸಲ ಹಾಕಿ ಉಳಿಸಿಕೊಂಡರೆ ಮುಗಿಯಿತು. ಚನ್ನಗಿರಿಯ ಗೆಳೆಯರ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಅಡಿಕೆ ಮಂಡಿಯಲ್ಲಿ ಕೆಲಸ ಕೇಳಿದರೆ ಟ್ಯಾಲಿ ಬರುತ್ತಾ ಅಂತಾರೆ, ಟ್ಯಾಲಿ ವಿಂಡೋಸಿನದು. ಹೌದು. ಹತ್ತರಲ್ಲಿ ಒಂದು ಪೆಟ್ಟಿಗೆಯಲ್ಲಿ ಇದ್ದ ವಿಂಡೋಸನ್ನೇ ಉಳಿಸಿ, ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬೇಡಿ. ಲೆಕ್ಕದ ಹಾಳೆ ಹಾಕುವುದನ್ನು ಲಿಬ್ರೆ ಆಫೀಸಿನಲ್ಲಿ ಕಲಿತವನಿಗೆ ಎಕ್ಸೆಲ್ ಅನ್ಯಭಾಷೆ ಅಲ್ಲ.

ಸ್ಟಾಕ್ ಪುಸ್ತಕದ ಭಯ ಬೇರೆ. ಪುಸ್ತಕದಲ್ಲಿ ಪೆಟ್ಟಿಗೆ, ಮಾನಿಟರು, ಕೀಲಿಮಣೆ ಬರೆದಿರುತ್ತಾರೆ. ಒಳಗಿನ ವ್ಯವಸ್ಥೆ ಬದಲಿಸಿದರೆ ಅವು ಎಲ್ಲೂ ಹೋಗುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ಠರಾವು ಮಾಡಿ ಸಹಿ ಹಾಕಿಸಿಕೊಳ್ಳಿ, ಗುತ್ತಿಗೆಯವರ ಸಾಮಾನಾದರೆ ಮೊದಲು ಒಪ್ಪಿಗೆ ಪತ್ರ ಕೇಳಿ. ಆಮೇಲೆ 8 ಜಿಬಿ ಪೆನ್ ಡ್ರೈವಿಗೆ ಲಿನಕ್ಸಿನ ಪ್ರತಿ ಬರೆದು, ಯಂತ್ರ ಹಚ್ಚುವಾಗ ಎಫ್ 12 ಅಥವಾ ಆ ಕಂಪನಿಯವರು ಹೇಳಿದ ಗುಂಡಿ ಒತ್ತಿ ಅದರಿಂದಲೇ ಏಳಿಸಿ. ಡಿಸ್ಕ್ ಮುಟ್ಟದೆ ನೋಡಬಹುದು. ಸರಿಯೆನಿಸಿದರೆ ಹಳೇ ಕಡತಗಳನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ಕೂರಿಸಿ. ತೆಗೆದಿಡದೆ ಕೂರಿಸಿ ಹೊನ್ನಾಳಿಯಲ್ಲಿ ಒಂದು ವರ್ಷದ ಅಂಕಪಟ್ಟಿ ಕಳೆದವರು ನಾವೇ. ಬೈಸಿಕೊಂಡೆವು.

ಜಗಳೂರಿನ ಹನ್ನೊಂದರಲ್ಲಿ ಮೂರು ಏಳಲಿಲ್ಲ. ಆ ಮೂರರ ಮೆಮೊರಿ ತೆಗೆದು ಉಳಿದವಕ್ಕೆ ಹಾಕಿದೆವು. ಸ್ಕ್ರೂ ಹಿಡಿದುಕೊಳ್ಳಲು ಆ ಹುಡುಗಿಯನ್ನೇ ಕರೆದೆವು, ಚಪ್ಪಲಿ ಹಾಕಿಕೊಂಡೇ ಬಂದಳು. ಪೆಟ್ಟಿಗೆ ಎದ್ದ ಮೇಲೆ ತನ್ನ ಹೆಸರು ಟೈಪು ಮಾಡಿದಳು, ಒತ್ತಕ್ಷರ ತಪ್ಪಿತು, ಅಳಿಸಿ ಮತ್ತೆ ಮಾಡಿದಳು. ಆಮೇಲೆ ಪೆನ್ ಡ್ರೈವ್ ಕೈಲಿ ಹಿಡಿದು, 'ಇದನ್ನ ನಮ್ಮ ಹಾಸ್ಟೆಲಿಗೆ ಒಯ್ಯಬೋದೇನ್ರಿ?' ಅಂದಳು. ಒಯ್ದಿದ್ದಾಳೆ. ಬರುವ ಭಾನುವಾರ ನ್ಯಾಮತಿಗೆ ಬರುವ ಗೆಳೆಯರು ಒಂದೊಂದು ಪೆನ್ ಡ್ರೈವ್ ತನ್ನಿ. ಸ್ಕ್ರೂಡ್ರೈವರೂ ಯಾರಾದರೂ ತನ್ನಿ, ನಮ್ಮದು ಜಗಳೂರಿನಲ್ಲೇ ಉಳಿದಿದೆ.